ಬಾಯಲ್ಲಿ ನಾಲ್ಕು ಬೆಳ್ಳಿ

ಒಂದು ಕಡೆ ನಿಲ್ಲದ ನನ್ನ ತಂಗಿ ಪಾದರಸಕ್ಕೆ,

ಇಲ್ಲಿ ಎಲ್ಲರೂ ಕ್ಷೇಮ ಎಂದು ಬರೆದು ಶುರು ಮಾಡಬೇಕು. ಕ್ಷೇಮ ಎನ್ನುವುದು ಸುಳ್ಳೇನೂ ಅಲ್ಲ, ಆದರೆ ಈ ಮನೆಯಲ್ಲಿ ಯಾರೂ ಕಣ್ತುಂಬ ನಿದ್ದೆ ಮಾಡಿ ಬಹಳ ಕಾಲವಾಯಿತು. ಮಗು ಮಲಗಿದಾಗ ಬಟ್ಟೆ ಒಗೆಯಬೇಕು, ಬಟ್ಟೆ ನೆನೆಸಿದೊಡನೆ ಮಗು ಏಳುತ್ತದೆ, ಅವಳನ್ನು ಎತ್ತಿಕೊಂಡರೆ ಮೆಷಿನ್ನಿನ ಮೇಲೆ ಅರ್ಧ ಹೊಲಿದ ಸೀಟ್ ಕವರುಗಳು ನನ್ನನ್ನೇ ನೋಡುತ್ತಿರುತ್ತವೆ. ಈ ಕಾಗದವನ್ನೂ ಒಂದು ಸೀಟ್ ಕವರಿನ ಮೇಲೇ ಹರವಿಕೊಂಡು ಬರೆಯುತ್ತಿದ್ದೇನೆ. ಅಕ್ಷರ ಓರೆಯಾಗಿದ್ದರೆ ಅದು ರೆಕ್ಸಿನ್ನಿನ ತಪ್ಪು ಎಂದು ತಿಳಿದುಕೋ.

ಫೋನ್ ಮಾಡಬಾರದಿತ್ತೇ ಎನ್ನಬೇಡ. ಮಾಡಿದೆ, ನೀನು ಎತ್ತಲಿಲ್ಲ. ಎತ್ತಿದ್ದರೂ "ಏನಕ್ಕಾ, ಹಲ್ಲು ಹೇಗಿದೆ, ಭಾವನ್ನ ಕಚ್ಚೋ ಮಟ್ಟಕ್ಕೆ ಬಂತಾ" ಎಂದು ನಗಿಸಿ, ನಾನು ಹೇಳಬೇಕೆಂದಿದ್ದನ್ನು ಹೇಳದ ಹಾಗೆ ಮಾಡಿ ಇಟ್ಟುಬಿಡುತ್ತಿದ್ದೆ. ಕಾಗದಕ್ಕೆ ನಡುವೆ ಬಾಯಿ ಹಾಕಲು ಬರುವುದಿಲ್ಲ. ಅದಕ್ಕೇ ಬರೆಯಲು ಕೂತೆ.

ನಿನ್ನೆ ಸಂಜೆ ನಿನ್ನ ಗಂಡ ಫೋನ್ ಮಾಡಿದ್ದರು. ಮಾತಿನಲ್ಲಿ ಅವರಷ್ಟು ಜಿಪುಣರನ್ನು ನಾನು ಕಂಡಿಲ್ಲ, ನಿನಗೆ ಜೋಡಿಯಾಗಿ ಅವರನ್ನು ಹುಡುಕಿದವರು ಲೆಕ್ಕ ಹಾಕಿಯೇ ಹುಡುಕಿರಬೇಕು. ಅಂಥವರು ತಾವಾಗಿಯೇ ಫೋನ್ ಮಾಡಿದರೆಂದರೆ ನಾನು ಮೆಷಿನ್ನು ನಿಲ್ಲಿಸಿ ಕಿವಿಗೊಟ್ಟೆ. ಹಾಲು ನಿಲ್ಲಲೆಂದು ನೀನು ಎದೆಗೆ ಬಿಗಿಯಾಗಿ ಬಟ್ಟೆ ಸುತ್ತಿಕೊಂಡಿದ್ದೀಯಂತೆ, ಜ್ವರ ಬಂದಿದೆಯಂತೆ, ಡಾಕ್ಟರ ಹತ್ತಿರ ಹೋಗೋಣ ಎಂದರೆ ಕೇಳುತ್ತಿಲ್ಲವಂತೆ. ಆದರೆ ಸೋಮವಾರ ಹಲ್ಲಿನ ಡಾಕ್ಟರಲ್ಲಿಗೆ ಹೋಗಿ ಹುಳುಕು ಹಲ್ಲಿಗೆ ತುಂಬಿಸಿದ್ದ ನಾಲ್ಕು ಬೆಳ್ಳಿಯನ್ನೂ ಕೀಳಿಸಿ ಹಾಕುತ್ತೇನೆ ಎಂದು ಹಟ ಹಿಡಿದಿದ್ದೀಯಂತೆ. ಯಾಕೆ ಎಂದು ಕೇಳಿದ್ದಕ್ಕೆ, "ಅದೇ ನಮ್ಮ ಮಗುವನ್ನ ತೊಗೊಂಡು ಹೋಗಿದ್ದು. ಅಕ್ಕನ್ನೇ ಕೇಳಿದೆ, ಅವಳೂ ಹೂಂ ಅಂದ್ಲು" ಎಂದೆಯಂತೆ.

ಫೋನ್ ಇಟ್ಟ ಮೇಲೆ ನಾನು ಕೂತಲ್ಲಿಂದ ಏಳಲಿಲ್ಲ. ನಾನು ಯಾವಾಗ ಹೂಂ ಎಂದೆ? ಅಂಥ ಮಾತಿಗೆ ಹೂಂ ಎನ್ನುವಷ್ಟು ಕಲ್ಲೆದೆಯವಳೇ ನಾನು? ಅತ್ತೆ ಬಂದು ಮಗುವನ್ನು ಮಡಿಲಿಗೆ ಹಾಕಿದರೂ ಗಮನವಿರಲಿಲ್ಲ. ಆಮೇಲೆ ಹೊಳೆಯಿತು: ಅವತ್ತು ನನ್ನ ಹಲ್ಲು ತೋರಿಸಿಕೊಂಡು ಬರುವಾಗ, ಆಟೋದಲ್ಲಿ. ನನ್ನ ಬಾಯಲ್ಲಿ ಹತ್ತಿ ಇತ್ತಲ್ಲ, ಆಗ.

ನಿನ್ನ ಗಂಡನ ಕೈಲಿ ಎರಡು ಮಾತು ಹೇಳಿ ಕಳಿಸಬಹುದಿತ್ತು. ಆದರೆ ಈ ಮಾತನ್ನು ನಾನೇ ಹೇಳಬೇಕು, ಅದೂ ಬುಡದಿಂದ ಹೇಳಬೇಕು. ನಿನಗೆ ಗೊತ್ತಿರುವುದನ್ನೂ ಹೇಳುತ್ತೇನೆ, ಓದು. ನಿಮ್ಮ ಕಡೆಗೆ ಹೋಗುವ ಬಸ್ಸಿನ ಡ್ರೈವರು ನಮ್ಮ ಸೀಟ್ ಕವರಿನ ಗಿರಾಕಿ, ಅವರ ಕೈಲಿ ಇದನ್ನು ಕೊಡುತ್ತೇನೆ. ಸೋಮವಾರಕ್ಕೆ ಮೊದಲು ನಿನಗೆ ತಲುಪಿದರೆ ಸಾಕು.

ನೀನು ಪಾದರಸವಾದ ದಿನ ನಿನಗೆ ನೆನಪಿರಲಾರದು, ನೀನು ಅಷ್ಟು ಚಿಕ್ಕವಳು. ಅಪ್ಪ ಜ್ವರ ನೋಡುವ ಕಡ್ಡಿಯನ್ನು ಕಪಾಟಿನ ಮೇಲ್ಗಡೆ ಇಟ್ಟಿದ್ದರು. ನೀನು ಕುರ್ಚಿಯ ಮೇಲೆ ಕುರ್ಚಿ ಹಾಕಿ ಅದನ್ನು ಇಳಿಸಿದೆ, ಬೀಳಿಸಿದೆ, ಮಂಚದ ಕೆಳಗೆ ಓಡಿಹೋದ ಹನಿಗಳ ಹಿಂದೆ ತೆವಳಿಕೊಂಡು ಹೋದೆ. ಅಪ್ಪ ಲಂಗದ ಪಟ್ಟಿ ಹಿಡಿದು ನಿನ್ನನ್ನು ಹೊರಗೆಳೆದರು, ಕಿಟಕಿಗಳನ್ನೆಲ್ಲ ತೆರೆಸಿದರು, ದಪ್ಪ ಕಾಗದದಿಂದ ಹನಿಗಳನ್ನು ಒಟ್ಟು ಮಾಡುತ್ತಾ, "ಹಿಡಿಯೋಕೆ ಹೋದ್ರೆ ಒಂದಿದ್ದಿದ್ದು ಎರಡಾಗತ್ತೆ, ಥೇಟ್ ಇವಳೇ" ಎಂದರು. ಅಂದಿನಿಂದ ನಿನ್ನ ನಿಜವಾದ ಹೆಸರು ಬ್ಯಾಂಕಿಗೆ ಮತ್ತು ಆಸ್ಪತ್ರೆಗೆ ಮಾತ್ರ ಉಳಿಯಿತು.

ಹಲ್ಲಿನ ಕತೆ ಅದಾದ ಎಷ್ಟೋ ವರ್ಷಗಳ ಮೇಲಿನದು. ಶಾಲೆಗೆ ಹಲ್ಲು ನೋಡಲು ಬಂದ ಡಾಕ್ಟರು ನನಗೆ ಒಂದು ಹುಳುಕು, ನಿನಗೆ ನಾಲ್ಕು ಎಂದರು. ನಿನ್ನದು ಪೆಪ್ಪರ್‌ಮಿಂಟನ್ನು ಕೆನ್ನೆಯಲ್ಲಿಟ್ಟುಕೊಂಡೇ ಮಲಗುವ ಬಾಯಿ, ನಾಲ್ಕಕ್ಕೆ ನಿಂತಿದ್ದೇ ಪುಣ್ಯ. ಅಪ್ಪ ಇಬ್ಬರನ್ನೂ ಕರೆದುಕೊಂಡು ಹೋಗಿ ಬೆಳ್ಳಿ ತುಂಬಿಸಿಕೊಂಡು ಬಂದರು. ಬೆಳ್ಳಿ ಎಂದೇ ನಾವೆಲ್ಲ ಅಂದಿದ್ದು. "ಮಾತು ಬೆಳ್ಳಿ, ಮೌನ ಬಂಗಾರ ಅಂತಾರೆ. ನಮ್ಮ ದೊಡ್ಡವಳಿಗೆ ಒಂದು ಬೆಳ್ಳಿ, ಚಿಕ್ಕವಳಿಗೆ ನಾಲ್ಕು. ಬಂಗಾರ ಈ ಮನೆ ಕಡೆ ತಲೆ ಹಾಕೋ ಹಾಗಿಲ್ಲ" ಎಂದು ಅಪ್ಪ ಬಂದವರ ಮುಂದೆಲ್ಲ ನಗುತ್ತಿದ್ದರು. ನೀನೋ, ಬಂದವರಿಗೆಲ್ಲ ಕೇಳದಿದ್ದರೂ ಬಾಯಿ ತೆರೆದು ಆಸ್ತಿ ತೋರಿಸುತ್ತಿದ್ದೆ.

ಆ ಬೆಳ್ಳಿ ಎನ್ನುವ ಪದವೇ ನಮ್ಮನ್ನು ಕೆಡಿಸಿತು. ಅದರಲ್ಲಿ ಹೆಚ್ಚುಕಡಿಮೆ ಅರ್ಧ ಪಾದರಸ ಎಂದು ನಮಗೆ ಯಾರು ಹೇಳಬೇಕಿತ್ತು? ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ಗಾದೆಯನ್ನು ಊರಿಗೆಲ್ಲ ಹೇಳುವ ನಾವು, ಬೆಳ್ಳಗಿದ್ದದ್ದನ್ನು ಬೆಳ್ಳಿ ಎಂದುಕೊಂಡು ಇಷ್ಟು ವರ್ಷ ಅಗಿದೆವು.

ಇನ್ನು ನನ್ನ ಹಲ್ಲು. ಕತ್ತರಿ ಪಕ್ಕದಲ್ಲೇ ಇದ್ದರೂ ದಾರವನ್ನು ಹಲ್ಲಿನಿಂದ ಕಚ್ಚಿ ತುಂಡು ಮಾಡುವುದು ನನ್ನ ಕೆಟ್ಟ ಚಾಳಿ, ನೀನೇ ಎಷ್ಟು ಸಲ ಬೈದಿದ್ದೀಯ. ಮುಂದಿನ ಹಲ್ಲುಗಳಲ್ಲಿ ಗೆರೆ ಬಿದ್ದ ಮೇಲೆ ಸೀಟ್ ಕವರಿನ ದಪ್ಪ ನೈಲಾನ್ ದಾರವನ್ನು ಪಕ್ಕದ ಹಲ್ಲಿಗೆ ಕೊಡುತ್ತಿದ್ದೆ. ಒಂದು ದಿನ ದಾರದ ಬದಲು ಹಲ್ಲೇ ಟಕ್ ಎಂದಿತು. ನಾಲಿಗೆಗೆ ಬೂದು ಬಣ್ಣದ ಒಂದು ಚೂರು ಸಿಕ್ಕಿತು. ನಾನು ಅದನ್ನು ಅಂಗೈಯಲ್ಲಿಟ್ಟುಕೊಂಡು ನಿನ್ನ ಭಾವನಿಗೆ ತೋರಿಸಿದ್ದೇ ತಪ್ಪಾಯಿತು.

ನಿನ್ನ ಭಾವನ ಸ್ವಭಾವ ನಿನಗೆ ಹೊಸದಲ್ಲ. ಲಿಫ್ಟ್ ರಿಪೇರಿ ಮಾಡುವ ಮನುಷ್ಯ, ತಂತಿಯೊಂದನ್ನು ಮೂರು ಸಲ ಎಳೆದು ನೋಡದೆ ಬಿಡುವವರಲ್ಲ. ಮನೆಯಲ್ಲೂ ಕಾಯಿಸಿ ಆರಿಸಿದ ನೀರನ್ನು ಮತ್ತೆ ಕಾಯಿಸುತ್ತಾರೆ. ಆ ಚೂರನ್ನು ನೋಡಿದವರೇ ಮೊಬೈಲು ಹಿಡಿದು ಕೂತರು. ಊಟಕ್ಕೆ ಏಳಲಿಲ್ಲ. ಕೊನೆಗೆ ಮುಖ ಸಣ್ಣಗೆ ಮಾಡಿಕೊಂಡು, "ಇದು ಬೆಳ್ಳಿ ಅಲ್ವಂತೆ, ಪಾದರಸವಂತೆ. ಹಾಲಿಗೂ ಬರುತ್ತಂತೆ" ಎಂದರು. ಅಷ್ಟು ಸಾಕಾಯಿತು. ಬಾಯಲ್ಲೇ ಬಿಟ್ಟರೂ ವಿಷ, ಕೊರೆಸಿ ತೆಗೆಸಿದರೂ ವಿಷ, ಮೇಲಿಂದ ಮರಗಟ್ಟಿಸುವ ಇಂಜೆಕ್ಷನ್ನು ಬೇರೆ ವಿಷ. ಒಂದು ತೀರ್ಮಾನಕ್ಕೆ ಬರುವ ತನಕ ಮಗುವಿಗೆ ಎದೆಹಾಲು ಬೇಡ ಎಂದಾಯಿತು. ಯಾರು ಹೇಳಿದರು, ಯಾರು ಒಪ್ಪಿದರು ಎಂದು ಈಗ ಕೇಳಿದರೆ ಎಲ್ಲರೂ ಇನ್ನೊಬ್ಬರ ಮುಖ ನೋಡುತ್ತಾರೆ. ನಾನೂ ಒಪ್ಪಿದೆ. ತಾಯಿಯಾದವಳಿಗೆ ಹೆದರಿಕೆಯನ್ನು ಮಾರುವುದು ಬಹಳ ಸುಲಭ ಕಣೇ, ಚೌಕಾಸಿ ಮಾಡುವುದಿಲ್ಲ ಅವಳು.

ಬಾಟಲಿಯನ್ನು ಮಗು, ನಮ್ಮ ಗುಂಡಿ, ಬಾಯಿಗೇ ತೆಗೆದುಕೊಳ್ಳಲಿಲ್ಲ. ಚಮಚದಲ್ಲಿ ಕೊಟ್ಟರೆ ಕೆನ್ನೆಯ ಮೇಲೆ ಹರಿಸಿದಳು. ನೀನೇ ಇಟ್ಟ ಹೆಸರು ನೋಡು, ಮೂಗು ಅಂಗಿಯ ಗುಂಡಿಯ ಹಾಗಿದೆ ಎಂದು. ಆ ಗುಂಡಿಮೂಗು ಅತ್ತೂ ಅತ್ತೂ ಕೆಂಪಾಯಿತು. ಇತ್ತ ನನಗೆ ಎದೆ ಕಲ್ಲಾಗಿ, ಅಡುಗೆಮನೆಯ ಸಿಂಕಿನ ಮುಂದೆ ನಿಂತು ಹಾಲು ಹಿಂಡಿ ನಲ್ಲಿ ಬಿಡುತ್ತಿದ್ದೆ. ಅವಳ ಅಳು ಕೇಳದಿರಲೆಂದೇ ನಲ್ಲಿಯನ್ನು ಜೋರಾಗಿ ಬಿಡುತ್ತಿದ್ದೆ. ಕೇಳುತ್ತಲೇ ಇತ್ತು.

ಆಗ ನೀನು ಹಿಂದಿನ ಕೋಣೆಯಲ್ಲಿದ್ದೆ. ಆಸ್ಪತ್ರೆಯಿಂದ ನೇರವಾಗಿ ಇಲ್ಲಿಗೆ ಕರೆತಂದಿದ್ದೆವು ನಿನ್ನನ್ನು, ಕೈಯಲ್ಲಿ ಏನೂ ಇಲ್ಲದೆ. ನಿನ್ನ ಮಗು ಅಳದೆ ಹುಟ್ಟಿತು. ಹೊಕ್ಕುಳಬಳ್ಳಿ ಗಂಟು ಬಿದ್ದಿತ್ತು ಎಂದು ಹೆರಿಗೆ ಡಾಕ್ಟರು ನನ್ನ ಎದುರಿಗೇ ಹೇಳಿದರು. ಆಮೇಲೆ ನೀನು, ನಾಲ್ಕು ಬೆಳ್ಳಿಯ ನೀನು, ಬಾಯಿ ತೆರೆದದ್ದನ್ನೇ ನಾನು ನೋಡಲಿಲ್ಲ. ತಟ್ಟೆ ಹೋದ ಹಾಗೇ ವಾಪಸ್ಸು ಬರುತ್ತಿತ್ತು. ಆದರೆ ಮಗು ಇಲ್ಲ ಎಂದು ಹಾಲಿಗೆ ಹೋಗಿ ಯಾರು ಹೇಳಬೇಕು? ಅದು ತನ್ನ ಪಾಡಿಗೆ ಬಂತು. ಗುಂಡಿ ಅತ್ತಾಗಲೆಲ್ಲ ನಿನ್ನ ರವಿಕೆ ನೆನೆಯುತ್ತಿದ್ದುದನ್ನು ನಾನು ನೋಡಿಯೂ ನೋಡದ ಹಾಗೆ ಒಗೆದು ಹಾಕುತ್ತಿದ್ದೆ.

ಅವತ್ತು ಮಧ್ಯಾಹ್ನ ನೀನು ಎದ್ದು ಬಂದು ಬಾಗಿಲಲ್ಲಿ ನಿಂತೆ. "ಕೊಡಕ್ಕ ಇಲ್ಲಿ" ಎಂದೆ. ಅಷ್ಟೇ. ನಾನು ಕೊಟ್ಟೆ. ಗುಂಡಿ ಒಂದು ಸಲ ಬಿಕ್ಕಿ, ಆಮೇಲೆ ಕುಡಿದಳು ನೋಡು, ಗುಟುಕು ಗುಟುಕಾಗಿ, ಕೋಣೆಗೆಲ್ಲ ಕೇಳುವ ಹಾಗೆ. ಅತ್ತೆ "ಹಲ್ಲಿದ್ದವರಿಗೆ ಕಡಲೆ ಇಲ್ಲ, ಕಡಲೆ ಇದ್ದವರಿಗೆ" ಎಂದು ಶುರು ಮಾಡಿ ಅರ್ಧಕ್ಕೇ ನಿಲ್ಲಿಸಿ, ಒಳಗೆ ಹೋಗಿ ತೊಳೆದಿಟ್ಟ ಪಾತ್ರೆಗಳನ್ನೇ ಮತ್ತೆ ತೊಳೆದರು. ನಿನ್ನ ಕಣ್ಣಿಂದ ಸುಮ್ಮನೆ ನೀರು ಇಳಿಯುತ್ತಿತ್ತು, ನೀನು ಒರೆಸಿಕೊಳ್ಳಲೂ ಇಲ್ಲ. ಅವತ್ತು ನೀನು ತಟ್ಟೆಯಲ್ಲಿದ್ದದ್ದನ್ನೆಲ್ಲ ತಿಂದೆ.

ನಿನಗೆ ಹೇಳದ ಒಂದು ಮಾತಿದೆ. ಹಲ್ಲು ಜುಂ ಎನ್ನತೊಡಗಿದ ಮೇಲೂ ನಾನು ಡಾಕ್ಟರ ಹತ್ತಿರ ಹೋಗದೆ ನಾಳೆ ನಾಡಿದ್ದು ಎನ್ನುತ್ತಿದ್ದುದು ಹೆದರಿಕೆಯಿಂದ ಮಾತ್ರವಲ್ಲ. ನೀನು ಗುಂಡಿಯ ಜೊತೆ ಮಾತಾಡಲು ಶುರು ಮಾಡಿದ್ದೆ. ಅವಳ ಮೂಗಿಗೆ ಕಾಜ ಹೊಲಿಯಬೇಕು ಎಂದು ನಗುತ್ತಿದ್ದೆ. ನನ್ನ ಹಲ್ಲು ಸರಿಹೋದರೆ ಅದು ನಿಂತುಹೋಗುತ್ತದಲ್ಲ ಎಂದು ನನಗೆ ಅನಿಸುತ್ತಿತ್ತು. ಹೊಟ್ಟೆಕಿಚ್ಚೂ ಇತ್ತು, ಇಲ್ಲ ಎನ್ನುವುದಿಲ್ಲ. ಎರಡೂ ಒಟ್ಟಿಗೇ ಇದ್ದವು. ಹಲ್ಲು ಕಚ್ಚಿಕೊಂಡು ಸಹಿಸೋಣವೆಂದರೆ ಕಚ್ಚಲು ಹಲ್ಲೂ ಸರಿಯಿರಲಿಲ್ಲ.

ಕೊನೆಗೆ ಕೆನ್ನೆ ಊದಿ ಕಣ್ಣು ಮುಚ್ಚುವಷ್ಟಾದಾಗ ನೀನೇ ನನ್ನನ್ನು ಎಳೆದುಕೊಂಡು ಹೋದೆ. ಆ ಹೊರಗಿನ ಕೋಣೆ ನೆನಪಿದೆಯಾ? ಗೋಡೆಯ ಮೇಲೆ ಬೂಟು ಹಾಕಿಕೊಂಡು ನಗುವ ಒಂದು ದೊಡ್ಡ ಹಲ್ಲಿನ ಚಿತ್ರ, ಸಾಲಾಗಿ ಪ್ಲಾಸ್ಟಿಕ್ ಕುರ್ಚಿಗಳು, ಒಳಗಿನಿಂದ ಕೊರೆಯುವ ಸದ್ದು. ನೀನು ಸೆರಗಿನೊಳಗೆ ಗುಂಡಿಗೆ ಹಾಲು ಕೊಡುತ್ತಾ ಕೂತಿದ್ದೆ. ಸರತಿ ಬರುವುದು ತಡವಾಯಿತು. ನಿನಗೆ ಆಕಳಿಕೆ ಬಂತು. ನೀನು ಯಾವತ್ತಾದರೂ ಬಾಯಿಗೆ ಕೈ ಅಡ್ಡ ಹಿಡಿದು ಆಕಳಿಸಿದ್ದುಂಟೇ? ಮೇಲೆ ಟ್ಯೂಬ್ ಲೈಟು ಉರಿಯುತ್ತಿತ್ತು. ನಾಲ್ಕೂ ಕಂಡವು.

ನಾನು ನೋಡಿದೆ. ಬೆಳ್ಳಿ. ಪಾದರಸ. ಇಷ್ಟು ದಿನ ನಮ್ಮ ತಲೆಯಲ್ಲಿ ನನ್ನ ಹಲ್ಲಿನಲ್ಲಿದ್ದದ್ದು ಪಾದರಸ, ನಿನ್ನ ಹಲ್ಲಿನಲ್ಲಿದ್ದದ್ದು ಬೆಳ್ಳಿ. ತಂತಿಯನ್ನು ಮೂರು ಸಲ ಎಳೆದು ನೋಡುವ ನಿನ್ನ ಭಾವನಿಗೂ ಹೊಳೆಯಲಿಲ್ಲ. ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದರು ಎನ್ನುತ್ತಾರಲ್ಲ, ಹಾಗಾಯಿತು. ನನಗೆ ನಗು ಒತ್ತರಿಸಿಕೊಂಡು ಬಂತು. ಊದಿದ ಕೆನ್ನೆಯನ್ನು ಹಿಡಿದುಕೊಂಡು, ನೋವಿಗೆ ಅಳುತ್ತಾ ನಗುತ್ತಾ, ನಿನ್ನ ಬಾಯಿಯನ್ನೇ ಬೆರಳು ಮಾಡಿ ತೋರಿಸಿದೆ. ನಿನಗೂ ಅರ್ಥವಾಗಿ, "ಅಯ್ಯೋ ಅಕ್ಕಾ, ಪಾದರಸ ತಪ್ಸೋಕೆ ಹೋಗಿ ಪಾದರಸದ ಕೈಗೇ ಕೊಟ್ರಲ್ಲ ಮಗುನ" ಎಂದು ನಕ್ಕೆ. ಪಕ್ಕದಲ್ಲಿ ಕೂತ ಮುದುಕರೊಬ್ಬರು ಏನು ವಿಷಯ ಎಂದು ತಿಳಿಯದೆ ತಾವೂ ನಕ್ಕರು.

ಆಮೇಲೆ ನಿನ್ನ ನಗು ನಿಂತಿತು. ನೀನು ಸೆರಗು ಸರಿಸಿ ಗುಂಡಿಯನ್ನು ನೋಡಿದೆ, ಮೆಲ್ಲಗೆ ಅವಳ ಬಾಯಿಂದ ಎದೆ ಬಿಡಿಸಿಕೊಂಡೆ. ನನಗೆ ಆಗಲೇ ತಿಳಿಯಬೇಕಿತ್ತು. ಅಷ್ಟರಲ್ಲಿ ನನ್ನನ್ನು ಒಳಗೆ ಕರೆದರು.

ಡಾಕ್ಟರಮ್ಮನೂ ನನ್ನಷ್ಟೇ ದಣಿದಿದ್ದರು. ಮೇಜಿನ ಮೇಲೆ ಅವರ ಟೀ ಕೆನೆಗಟ್ಟಿತ್ತು. ಹಾಲು ಕುಡಿಸುತ್ತಿದ್ದೀರಾ ಎಂದು ಕೇಳಿದರು, ನಿಲ್ಲಿಸಿದ್ದೇನೆ ಎಂದೆ. "ಯಾರು ಹೇಳಿದ್ರು ನಿಲ್ಸೋಕೆ?" ಎಂದರು. ಮೊಬೈಲು ಎಂದೆ. "ಮೊಬೈಲಿಗೆ ಹಲ್ಲಿದ್ಯಾ?" ಎಂದರು. ಆಮೇಲೆ ಕೈಗವಸು ಹಾಕಿಕೊಳ್ಳುತ್ತಾ, ಈ ಮಾತನ್ನು ಎಷ್ಟೋ ಜನಕ್ಕೆ ಹೇಳಿ ಸಾಕಾದವರ ಹಾಗೆ ಹೇಳಿದರು: ಹಳೆಯ ಬೆಳ್ಳಿಯಿಂದ ಪಾದರಸದ ಆವಿ ಒಂದು ಚೂರು ಬರುವುದು ನಿಜ, ಅದರಲ್ಲೂ ಚೂರು ಹಾಲಿಗೆ ಹೋಗುವುದೂ ನಿಜ. ಅಷ್ಟರಿಂದ ಮಗುವಿಗೆ ಕೇಡಾಗುತ್ತದೆ ಎಂದು ಕಂಡುಬಂದಿಲ್ಲ, ಹಾಲು ನಿಲ್ಲಿಸುವುದರಿಂದ ಆಗುವ ನಷ್ಟವೇ ದೊಡ್ಡದು. "ಹಾಲು ಕುಡಿಸೋವಾಗ ಹೊಸದಾಗಿ ಬೆಳ್ಳಿ ಹಾಕಲ್ಲ ನಾನು, ಹಲ್ಲಿನ ಬಣ್ಣದ್ದೇ ಹಾಕ್ತೀನಿ. ಅದು ಮುಂಜಾಗ್ರತೆ. ಇರೋ ಬೆಳ್ಳಿ ಗಟ್ಟಿಯಾಗಿದ್ರೆ ಅದರ ತಂಟೆಗೆ ಹೋಗಲ್ಲ, ಯಾಕಂದ್ರೆ ಕೊರೆಯೋವಾಗಲೇ ಆವಿ ಜಾಸ್ತಿ ಏಳೋದು. ನಿಮ್ಮದು ಒಡೆದಿದೆ, ಕೀವಾಗಿದೆ, ತೆಗೀಲೇಬೇಕು. ಇದನ್ನ ಇಷ್ಟು ದಿನ ಬಿಟ್ಕೊಂಡು ಕೂತಿದ್ದೇ ಅಪಾಯ." ಇಂಜೆಕ್ಷನ್ನಿಗೂ ಹಾಲಿಗೂ ಹೆದರಬೇಕಾಗಿಲ್ಲ, ಮನೆಗೆ ಹೋದಕೂಡಲೇ ಕುಡಿಸಿ ಎಂದರು. ಬಾಯಿಗೆ ರಬ್ಬರಿನ ಹಾಳೆ ಹೊದಿಸಿ, ನೀರು ಬಿಡುತ್ತಾ, ಸಣ್ಣ ಕೊಳವೆಯಿಂದ ಎಲ್ಲವನ್ನೂ ಎಳೆದುಕೊಳ್ಳುತ್ತಾ ಹಳೆಯದನ್ನು ತೆಗೆದರು. ಮಾತ್ರೆಯನ್ನೂ ಹಾಲು ಕುಡಿಸುವವರಿಗೆ ಆಗುವುದನ್ನೇ ಬರೆದುಕೊಟ್ಟರು. ನಾನು ಸಿಂಕಿಗೆ ಸುರಿದ ಹಾಲನ್ನೆಲ್ಲ ನೆನೆಸಿಕೊಂಡು ಆ ಕುರ್ಚಿಯಲ್ಲಿ ಮಲಗಿದ್ದೆ. ಹೊರಡುವಾಗ, "ಹತ್ತಿ ಕಚ್ಕೊಂಡಿರಿ, ಸ್ವಲ್ಪ ಹೊತ್ತು ಮಾತಾಡ್ಬೇಡಿ" ಎಂದರು.

ನೀನೂ ಬಾಗಿಲಲ್ಲಿ ನಿಂತು ಇದನ್ನೆಲ್ಲ ಕೇಳಿಸಿಕೊಂಡಿದ್ದೆ. ಆದರೆ ನಿನ್ನ ಕಿವಿಗೆ ಬಿದ್ದದ್ದು ಒಂದೇ ಮಾತು, ಚೂರು ಹೋಗುವುದು ನಿಜ ಎಂಬುದು.

ಆಟೋದಲ್ಲಿ ನೀನು ಗುಂಡಿಯನ್ನು ಮಡಿಲಲ್ಲಿಟ್ಟುಕೊಂಡು ಹೊರಗೆ ನೋಡುತ್ತಿದ್ದೆ. ನಾನು ಕೆನ್ನೆಗೆ ಕೈ ಒತ್ತಿಕೊಂಡು, ತಲೆ ಅಲ್ಲಾಡಿಸಿದರೆ ನೋವು ಎಲ್ಲಿ ಎದ್ದೀತೋ ಎಂದು ಬಿಗಿಯಾಗಿ ಕೂತಿದ್ದೆ. ತುಟಿ ಯಾರದೋ ಎನ್ನುವ ಹಾಗಿತ್ತು. ಸಿಗ್ನಲ್ಲಿನ ಹತ್ತಿರ ಹಿಂದೆ ಒಂದು ಬಸ್ಸು ಹಾರನ್ ಒತ್ತುತ್ತಲೇ ಇತ್ತು. ಆಗ ನೀನು ನನ್ನ ಕಡೆ ತಿರುಗದೆ ಕೇಳಿದೆ, "ನನ್ನ ಮಗುನ ಇದೇ ತೊಗೊಂಡು ಹೋಯ್ತಾ ಅಕ್ಕಾ?"

ನಾನು ಉಹುಂ ಎಂದೆ ಕಣೇ. ಹತ್ತಿಯ ಹಿಂದಿನಿಂದ, ಮರಗಟ್ಟಿದ ಬಾಯಿಂದ ಉಹುಂ ಎಂದೆ. ಅದರ ಉ ಹತ್ತಿಯಲ್ಲೇ ಉಳಿಯಿತೋ, ಬಸ್ಸಿನ ಹಾರನ್ನು ನುಂಗಿತೋ. ನಿನಗೆ ಹುಂ ಎಂದು ಕೇಳಿಸಿತು. ನೀನು ಗುಂಡಿಗೆ ಸೆರಗು ಹೊದಿಸಿದೆ, ನಾನು ಹೇಳಿದ್ದು ನಿನಗೆ ಸಮಾಧಾನವಾಯಿತು ಎಂದುಕೊಂಡು ನಾನು ಕಣ್ಣು ಮುಚ್ಚಿದೆ. ಒಂದೇ ಸೀಟಿನಲ್ಲಿ ಕೂತು ಒಬ್ಬಳು ಉಹುಂ ಎಂದಳು, ಒಬ್ಬಳು ಹೂಂ ಎಂದು ಕೇಳಿಸಿಕೊಂಡಳು, ಇಬ್ಬರೂ ಮನೆಗೆ ಬಂದೆವು.

ಮನೆಯಲ್ಲಿ ಗುಂಡಿ ನನ್ನ ಹತ್ತಿರ ಬರಲಿಲ್ಲ. ಎದೆಗೆ ತಂದರೆ ಬೆನ್ನು ಬಿಲ್ಲು ಮಾಡಿ, ನಿನ್ನ ದನಿ ಬಂದ ಕಡೆಗೆ ತಿರುಗಿ ಅಳುತ್ತಿದ್ದಳು. ಅತ್ತೆ ನಿನ್ನನ್ನು ಪಕ್ಕಕ್ಕೆ ಕರೆದು, "ಬೇಜಾರು ಮಾಡ್ಕೋಬೇಡಮ್ಮ, ಒಂದೆರಡು ದಿನ ನೀನು ಅದರ ಕಣ್ಣಿಗೆ ಬೀಳ್ದೆ ಇದ್ರೆ ತಾಯಿ ಕಡೆ ತಿರುಗತ್ತೆ" ಎಂದದ್ದು ನನಗೂ ಕೇಳಿಸಿತು. ಮೆತ್ತಗೇ ಹೇಳಿದರು ಪಾಪ. ಬೆಳಿಗ್ಗೆ ನೀನು ಬ್ಯಾಗು ಹೆಗಲಿಗೆ ಹಾಕಿಕೊಂಡು ನಿಂತಿದ್ದೆ. ಎಲ್ಲಿಗೆ ಎಂದೆ. "ಪಾದರಸ ಅಲ್ವಾ, ಒಂದು ಕಡೆ ನಿಲ್ಲಲ್ಲ" ಎಂದೆ. ನಿಲ್ಲು ಎನ್ನಲು ನನಗೆ ಬಾಯಿ ಬರಲಿಲ್ಲ. ಹತ್ತಿಯೂ ಇರಲಿಲ್ಲ ಆಗ. ಮಗು ನನ್ನದಾಗಬೇಕಿತ್ತು, ನಾನು ಬಹಳ ದಣಿದಿದ್ದೆ. ನೀನು ಗುಂಡಿಗಾಗಿ ಹೋದೆ ಎಂದೇ ನಿನ್ನೆಯ ತನಕ ತಿಳಿದಿದ್ದೆ. ನನ್ನ ಆ ಒಂದು ಹೂಂ ಅನ್ನು ಹೊತ್ತುಕೊಂಡು ಹೋದೆ ಎಂದು ನಿನ್ನ ಗಂಡ ಹೇಳಿದ ಮೇಲೇ ಗೊತ್ತಾಗಿದ್ದು.

ಅವತ್ತು ಆಟೋದಲ್ಲಿ ನಾನು ಉಹುಂ ಎಂದದ್ದು ಅಕ್ಕನ ಉಹುಂ, ಅದರಲ್ಲಿ ವಿದ್ಯೆ ಏನೂ ಇರಲಿಲ್ಲ. ನಿನಗೆ ಅಷ್ಟು ಸಾಲದು. ಅದಕ್ಕೇ ಇವತ್ತು ಬೆಳಿಗ್ಗೆ ಗುಂಡಿಯನ್ನು ಎತ್ತಿಕೊಂಡು ಮತ್ತೆ ಡಾಕ್ಟರಮ್ಮನ ಹತ್ತಿರ ಹೋದೆ. ಸರತಿ ಇರಲಿಲ್ಲ, ಟೀ ಇನ್ನೂ ಬಿಸಿ ಇತ್ತು. ನಿನ್ನ ಪ್ರಶ್ನೆಯನ್ನು ನಿನ್ನ ಮಾತಿನಲ್ಲೇ ಕೇಳಿದೆ. ಅವರು ಲೋಟ ಕೆಳಗಿಟ್ಟು, ಎದ್ದು ಬಂದು ನನ್ನ ಪಕ್ಕದ ಕುರ್ಚಿಯಲ್ಲಿ ಕೂತರು. "ಹೊಟ್ಟೆಯಲ್ಲಿರೋ ಮಗುಗೆ ಒಂದು ಚೂರೂ ಹೋಗಲ್ಲ ಅಂತ ಸುಳ್ಳು ಹೇಳಲ್ಲ ನಾನು. ಚೂರು ಹೋಗತ್ತೆ. ಆದ್ರೆ ಬಾಯಲ್ಲಿ ಬೆಳ್ಳಿ ಇಟ್ಕೊಂಡೇ ಎಷ್ಟೋ ತಾಯಂದಿರು ಗಟ್ಟಿಮುಟ್ಟಾದ ಮಕ್ಕಳನ್ನ ಹೆತ್ತಿದಾರೆ. ನಮ್ಮಮ್ಮನ ಬಾಯಲ್ಲೂ ಇತ್ತು, ನಾನು ಇಲ್ಲೇ ಕೂತಿಲ್ವಾ? ಹಲ್ಲಿನಲ್ಲಿರೋ ಬೆಳ್ಳಿ ಹೊಕ್ಕುಳಬಳ್ಳಿಗೆ ಹೋಗಿ ಗಂಟು ಹಾಕಲ್ಲ. ಹೆರಿಗೆ ಡಾಕ್ಟರು ಹೇಳಿದ್ದನ್ನ ನಂಬೋಕೆ ಹೇಳಿ ನಿಮ್ಮ ತಂಗಿಗೆ. ಅದರಲ್ಲಿ ಅವರ ತಪ್ಪು ಏನೂ ಇಲ್ಲ." ಇದನ್ನು ಹೇಳುವಾಗ ಅವರು ನನ್ನ ಕೈ ಹಿಡಿದುಕೊಂಡಿದ್ದರು. ನಿನಗೆ ತಲುಪಲಿ ಎಂದು ಬರೆಯುತ್ತಿದ್ದೇನೆ.

ನಾಲ್ಕನ್ನೂ ಕೀಳಿಸುವ ಮಾತಿಗೆ, "ಅವು ಗಟ್ಟಿಯಾಗಿದ್ರೆ ಖಂಡಿತ ಬೇಡ. ಕೋಪಕ್ಕೆ ಹಲ್ಲು ಕೊರೆಸಬಾರದು" ಎಂದರು. ನೀನು ಎದೆ ಬಿಗಿದು ಕಟ್ಟಿಕೊಂಡಿರುವುದನ್ನು ಕೇಳಿ ಹಣೆ ಚಚ್ಚಿಕೊಂಡರು. ಅದು ತಮ್ಮ ವಿದ್ಯೆಯಲ್ಲ, ಆದರೂ ತಾವೂ ಇಬ್ಬರು ಮಕ್ಕಳ ತಾಯಿ, ಜ್ವರ ಇದ್ದರೆ ಇವತ್ತೇ ಡಾಕ್ಟರಿಗೆ ತೋರಿಸಲಿ ಎಂದರು.

ಗುಂಡಿ ನನ್ನ ಹತ್ತಿರ ಬಂದಳು, ಅದನ್ನೂ ಹೇಳಬೇಕು. ಎಲ್ಲ ಉಪಾಯ ಮುಗಿದು, ಸೋತು, ಅವಳನ್ನು ಮಡಿಲಲ್ಲಿಟ್ಟುಕೊಂಡೇ ಹೊಲಿಯಲು ಕೂತಿದ್ದೆ. ಪೆಡಲು ತುಳಿದೆ. ಮೆಷಿನ್ನು ಗಡಗಡ ಎಂದದ್ದೇ ಅವಳು ಅಳು ನಿಲ್ಲಿಸಿ ಕಿವಿಗೊಟ್ಟಳು. ಹೊಟ್ಟೆಯೊಳಗಿದ್ದಾಗ ಅವಳು ದಿನವಿಡೀ ಕೇಳಿದ ಸದ್ದು ಅದು. ಬಟ್ಟೆಯಿಲ್ಲದೆ ಬರೀ ಮೆಷಿನ್ನು ತುಳಿಯುತ್ತಾ ಕೂತೆ, ಅವಳು ಕಣ್ಣು ಮುಚ್ಚಿ, ಹುಡುಕಿ, ಬಾಯಿ ಹಾಕಿದಳು. ಅತ್ತೆ ಓಡಿ ಬಂದು ನೋಡಿ, ಸದ್ದು ಮಾಡದೆ ಹಿಂದೆ ಸರಿದರು. ನನಗೆ ಆದ ಸಂತೋಷವನ್ನು ಬರೆಯಲು ಬರುವುದಿಲ್ಲ. ಆದರೆ ಈಗಲೂ ಕುಡಿಯುವ ನಡುವೆ ನಿಲ್ಲಿಸಿ, ಬಾಗಿಲ ಕಡೆ ನೋಡುತ್ತಾಳೆ. ಅವಳ ಮೂಗಿಗೆ ಕಾಜ ಹೊಲಿಯುವ ಮಾತಾಡುವವರು ಯಾರೂ ಇಲ್ಲ. ನಾನು ಮಾತಾಡಿದರೆ ಅವಳಿಗೆ ನಿದ್ದೆ ಬರುತ್ತದೆ.

ಈಗ ಅಕ್ಕನ ಮಾತು ಕೇಳು, ಒಂದು ಸಲ ಕೇಳು. ಮೊದಲು ಆ ಬಟ್ಟೆ ಬಿಚ್ಚು. ನೋವು ಇಳಿಯುವಷ್ಟು ಹಾಲು ಮಾತ್ರ ಕೈಯಿಂದ ತೆಗೆ, ಸಿಂಕಿಗೆ ಹೋದರೆ ಹೋಗಲಿ, ಬೇಕಾದಷ್ಟು ನಾನೂ ಸುರಿದಿದ್ದೇನೆ. ಇದನ್ನು ಓದಿದ ಕೂಡಲೇ ಡಾಕ್ಟರಿಗೆ ತೋರಿಸು. ಸೋಮವಾರ ಹಲ್ಲಿನ ಡಾಕ್ಟರಲ್ಲಿಗೆ ಹೋಗಬೇಡ, ಇಲ್ಲಿಗೆ ಹೊರಡುವ ಬಸ್ಸು ಹತ್ತು. ಗುಂಡಿಗೆ ನಿನ್ನ ಹಾಲು ಬೇಕು ಎಂದು ಕರೆಯುತ್ತಿಲ್ಲ, ಅವಳಿಗೆ ಈಗ ನನ್ನದೇ ಸಾಕಾಗುತ್ತಿದೆ. ನಿನಗಾಗಿ ಕರೆಯುತ್ತಿದ್ದೇನೆ. ಆ ಹಾಲು ಒಂದಲ್ಲ ಒಂದು ದಿನ ನಿಲ್ಲಲೇಬೇಕು, ನಿಲ್ಲಲಿ. ಬಟ್ಟೆಯ ಕಟ್ಟಿನಲ್ಲಿ ಉಸಿರುಗಟ್ಟಿ ನಿಲ್ಲುವುದು ಬೇಡ. ಇಲ್ಲಿ ಒಂದು ಮಗುವಿನ ಬಾಯಿಯಿದೆ, ಅದರಲ್ಲಿ ದಿನಕ್ಕಿಷ್ಟು ದಿನಕ್ಕಿಷ್ಟು ಎಂದು ತಾನಾಗಿ ಕಡಿಮೆಯಾಗಲಿ. ಅವಳು ನಿನ್ನ ಕಡೆ ತಿರುಗಿದರೆ ತಿರುಗಲಿ, ಮತ್ತೆ ಮೆಷಿನ್ನು ತುಳಿದು ಕರೆದುಕೊಳ್ಳಲು ನನಗೆ ಗೊತ್ತಿದೆ.

ಬಂದ ಮೇಲೆ ಬೇಕಾದಷ್ಟು ಅಳು. ಹೊತ್ತು ಗೊತ್ತು ನೋಡಬೇಡ. ಹಿಂದಿನ ಕೋಣೆಯಲ್ಲಿ ನಿನ್ನ ಹಾಸಿಗೆಯನ್ನು ಇನ್ನೂ ಸುತ್ತಿಟ್ಟಿಲ್ಲ. ನಿನ್ನ ಭಾವ ನೀರು ಎರಡು ಸಲ ಕಾಯಿಸಿ ಇಟ್ಟಿರುತ್ತಾರೆ.

ನಿನ್ನ ಮಡಿಲು ತುಂಬಲಿ, ನಿನ್ನ ಬಾಯಿ ಮತ್ತೆ ಮಾತಿನಿಂದ ತುಂಬಲಿ, ನಾಲ್ಕು ಬೆಳ್ಳಿಯೂ ನಿನ್ನ ಜೊತೆ ಮುಪ್ಪಾಗಲಿ ಎಂದು ಅಕ್ಕನ ಹರಕೆ. ಅವತ್ತು ನೀನು ಕೇಳಿದ್ದಕ್ಕೆ ಈಗ ಬಾಯಲ್ಲಿ ಹತ್ತಿಯಿಲ್ಲದೆ, ಬಸ್ಸಿನ ಹಾರನ್ನಿಲ್ಲದೆ ಹೇಳುತ್ತಿದ್ದೇನೆ. ಗಟ್ಟಿಯಾಗಿ ಓದಿಕೋ, ಮೊದಲ ಅಕ್ಷರವನ್ನು ಬಿಡಬೇಡ.

ಉಹುಂ ಕಣೇ. ಉಹುಂ.

ನಿನ್ನ ದಾರಿ ಕಾಯುವ,
ಇದ್ದ ಒಂದು ಬೆಳ್ಳಿಯನ್ನೂ ಕಳೆದುಕೊಂಡ ಅಕ್ಕ